ಮೂತ್ರದಲ್ಲಿ ಮದ್ಯಸಾರದ ಸುಳಿವು

ಮದ್ಯಪಾನ ಮಾಡಿದವನ ಮೂತ್ರದಲ್ಲಿ ಅದರ ಸುಳಿವು ಎಷ್ಟು ಕಾಲ ಉಳಿದಿರುತ್ತದೆ? ಹತ್ತು ಹನ್ನೆರಡು ಗಂಟೆಗಳೆಂದು ಕೆಲವರೂ ಮೂರು ದಿನಗಳೆಂದು ಮತ್ತೆ ಕೆಲವರೂ ಹೇಳುವುದುಂಟು. ಎರಡು ಮಾತುಗಳೂ ನಿಜವಾಗಿರಬಲ್ಲವು. ಏಕೆಂದರೆ ಪರೀಕ್ಷಕನು ಹುಡುಕುವ ವಸ್ತು ಎರಡು ಸಂದರ್ಭಗಳಲ್ಲಿಯೂ ಒಂದೇ ಅಲ್ಲ. ಇಂತಹ ಪರೀಕ್ಷೆಯ ಫಲಿತಾಂಶವನ್ನು ಒಬ್ಬನ ಉದ್ಯೋಗವೋ ಮಾನವೋ ಅವಲಂಬಿಸಿರುವಾಗ ಈ ಭೇದವನ್ನು ಅರಿತಿರುವುದು ಅವಶ್ಯಕ.

ಕುಡಿದ ಮದ್ಯಸಾರವು ಜಠರದಿಂದಲೂ ಸಣ್ಣ ಕರುಳಿನಿಂದಲೂ ರಕ್ತವನ್ನು ಸೇರುತ್ತದೆ. ನೀರಿನೊಡನೆ ಸುಲಭವಾಗಿ ಬೆರೆಯುವ ವಸ್ತುವಾದುದರಿಂದ ದೇಹದಲ್ಲಿ ನೀರಿರುವೆಡೆಯೆಲ್ಲ ಹರಡಿಕೊಳ್ಳುತ್ತದೆ. ಅದರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಭಾಗವನ್ನು ಪಿತ್ತಜನಕಾಂಗದ ಕಿಣ್ವಗಳು ಮೊದಲು ಅಸಿಟಾಲ್ಡಿಹೈಡ್ ಆಗಿಯೂ ಅನಂತರ ಅಸಿಟಿಕ್ ಆಮ್ಲವಾಗಿಯೂ ಮಾರ್ಪಡಿಸುತ್ತವೆ. ಉಳಿದ ಅಲ್ಪಭಾಗ ಮಾತ್ರ ಉಸಿರು, ಬೆವರು, ಮೂತ್ರಗಳ ಮೂಲಕ ಹಾಗೆಯೇ ಹೊರಬೀಳುತ್ತದೆ.

ಈ ಕಿಣ್ವಗಳ ಕೆಲಸದಲ್ಲಿ ಒಂದು ವಿಶೇಷವುಂಟು. ಗಾಣದ ಮುಂದೆ ಎಷ್ಟು ಮೂಟೆ ಎಳ್ಳನ್ನು ಪೇರಿಸಿದರೂ ಎತ್ತು ತನ್ನ ನಡೆಯಲ್ಲಿಯೇ ಸುತ್ತುತ್ತದೆಯಲ್ಲವೆ? ಅಂತೆಯೇ ಮದ್ಯಸಾರವೆಷ್ಟಿದ್ದರೂ ಅದು ಕರಗುವ ವೇಗ ಬಹುಮಟ್ಟಿಗೆ ಒಂದೇ. ಸ್ವೀಡನ್ನಿನ ವಿಜ್ಞಾನಿ ವಿಡ್‌ಮಾರ್ಕ್ 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಗಣಿತರೂಪದಲ್ಲಿ ವಿವರಿಸಿದನು. ಸಾಧಾರಣವಾಗಿ 100 ಮಿಲಿಲೀಟರು ರಕ್ತದಲ್ಲಿ ಗಂಟೆಗೆ 15 ಮಿಲಿಗ್ರಾಂ ಕಡಿಮೆಯಾಗುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಇದು 10ರಿಂದ 25ರವರೆಗೆ ಇರಬಹುದು. 150 ಮಿಲಿಗ್ರಾಂ ಇದ್ದವನ ರಕ್ತ ಶುದ್ಧವಾಗಲು ಸುಮಾರು 10 ಗಂಟೆ ಬೇಕೆಂದಾಯಿತು. ಕಾಫಿಯಾಗಲಿ ತಣ್ಣೀರ ಸ್ನಾನವಾಗಲಿ ಈ ವೇಗವನ್ನು ಹೆಚ್ಚಿಸಲಾರವು.

ಇನ್ನು ಮೂತ್ರದ ವಿಚಾರ. ರಕ್ತದಲ್ಲಿ ಸುಮಾರು ಐದರಲ್ಲಿ ನಾಲ್ಕು ಭಾಗ ನೀರಾದರೆ ಮೂತ್ರವು ಬಹುತೇಕ ನೀರೇ. ಆದುದರಿಂದ ಆಗತಾನೆ ಉತ್ಪನ್ನವಾದ ಮೂತ್ರದಲ್ಲಿ ಮದ್ಯಸಾರದ ಸಾಂದ್ರತೆ ರಕ್ತದಲ್ಲಿರುವುದರ ಸುಮಾರು 1.3ರಷ್ಟಿರುತ್ತದೆ. ಆದರೆ ಈ ಮೂತ್ರ ಒಡನೆಯೇ ಹೊರಬಾರದೆ ಮೂತ್ರಕೋಶದಲ್ಲಿ ಸಂಗ್ರಹವಾಗುತ್ತದೆ. ರಾತ್ರಿ ಕುಡಿದವನ ರಕ್ತ ಬೆಳಗಿನ ಹೊತ್ತಿಗೆ ಶುದ್ಧವಾಗಿದ್ದರೂ ಮೂತ್ರಕೋಶದಲ್ಲಿ ನಡುರಾತ್ರಿಯ ಮದ್ಯಸಾರ ಉಳಿದಿರಬಹುದು. ರಕ್ತ ಈ ಕ್ಷಣದ ಸ್ಥಿತಿಯನ್ನು ತಿಳಿಸಿದರೆ, ಮೂತ್ರ ಕಳೆದ ಕೆಲವು ಗಂಟೆಗಳ ಸರಾಸರಿಯನ್ನು ತಿಳಿಸುತ್ತದೆ. ಇದನ್ನರಿತೇ 1967ರ ಬ್ರಿಟನ್ನಿನ ರಸ್ತೆ ಸುರಕ್ಷತಾ ಶಾಸನವು ಚಾಲಕನಿಂದ ಎರಡು ಬಾರಿ ಮೂತ್ರವನ್ನು ಪಡೆದು, ಮೊದಲನೆಯದನ್ನು ಬಿಟ್ಟು, ಎರಡನೆಯದನ್ನು ಮಾತ್ರ ಗಣನೆಗೆ ತೆಗೆದುಕೊಳ್ಳಬೇಕೆಂದು ವಿಧಿಸಿತು. ರಕ್ತಕ್ಕೆ 80 ಮಿಲಿಗ್ರಾಂ, ಮೂತ್ರಕ್ಕೆ 107 ಮಿಲಿಗ್ರಾಂ ಎಂಬುದು ಅದರ ಮಿತಿ.

ಹಾಗಾದರೆ ಮೂರು ದಿನಗಳ ಮಾತೆಲ್ಲಿಂದ ಬಂತು? ಕುಡಿದ ಮದ್ಯಸಾರದ ಸಾವಿರದಲ್ಲೊಂದಕ್ಕಿಂತಲೂ ಕಡಿಮೆ ಭಾಗ ಗ್ಲುಕುರಾನಿಕ್ ಆಮ್ಲದೊಡನೆ ಸಂಯೋಗಗೊಂಡು ಈಥೈಲ್ ಗ್ಲುಕುರಾನೈಡ್ ಆಗುತ್ತದೆ. ಇದು ಅಮಲೇರಿಸುವುದಿಲ್ಲ, ಆದರೆ ದೇಹದಿಂದ ನಿಧಾನವಾಗಿ ಹೊರಹೋಗುತ್ತದೆ. ವಿಪರೀತ ಕುಡಿದವನಲ್ಲಿ ಮೂರು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ಇದನ್ನು ಗುರುತಿಸಬಹುದು. ಅಲ್ಪ ಪ್ರಮಾಣದಲ್ಲಿ ಕುಡಿದಿದ್ದರೆ ಒಂದು ದಿನದಲ್ಲಿಯೇ ಮರೆಯಾಗಬಹುದು. ಪರೀಕ್ಷೆ ಅತಿ ಸೂಕ್ಷ್ಮವಾದುದರಿಂದ ಮದ್ಯಸಾರ ಬೆರೆತ ಬಾಯಿ ಮುಕ್ಕಳಿಸುವ ದ್ರವವೂ ಅಲ್ಪ ಸುಳಿವನ್ನು ಬಿಡಬಹುದು.

ಹನಿಯನ್ನೂ ಮುಟ್ಟದವನು ಅಪವಾದಕ್ಕೆ ಗುರಿಯಾಗುವ ಸಂಭವವೂ ಉಂಟು. ಮಧುಮೇಹಿಯ ಮೂತ್ರದಲ್ಲಿ ಸಕ್ಕರೆಯಿದ್ದು ಅದರೊಡನೆ ಈಸ್ಟ್ ಸೇರಿದರೆ, ಸೀಸೆಯಲ್ಲಿಯೇ ಹುದುಗೆದ್ದು ಮದ್ಯಸಾರ ಹುಟ್ಟಬಲ್ಲದು. ಆದ್ದರಿಂದಲೇ ಸಂಗ್ರಹಿಸಿದ ಮೂತ್ರಕ್ಕೆ ಸೋಡಿಯಂ ಫ್ಲೋರೈಡನ್ನು ಬೆರೆಸಿ ತಂಪಿನಲ್ಲಿಡುತ್ತಾರೆ. ಮದ್ಯಸಾರವಿದ್ದೂ ಈಥೈಲ್ ಗ್ಲುಕುರಾನೈಡ್ ಇಲ್ಲದಿದ್ದರೆ ಹುದುಗುವಿಕೆಯನ್ನು ಶಂಕಿಸಬೇಕಾಗುತ್ತದೆ. ಹೀಗೆ ಎರಡನೆಯ ಪರೀಕ್ಷೆ ನಿರಪರಾಧಿಯನ್ನು ಉಳಿಸಬಲ್ಲದು.

ಆದುದರಿಂದ ಮೂತ್ರದಲ್ಲಿ ಸುಳಿವು ದೊರೆತ ಮಾತ್ರಕ್ಕೆ ಆ ವ್ಯಕ್ತಿ ಆಗ ಅಮಲಿನಲ್ಲಿದ್ದನೆಂದು ನಿರ್ಧರಿಸಲಾಗದು. ಯಾವ ವಸ್ತು ದೊರೆಯಿತು, ಎಷ್ಟು ದೊರೆಯಿತು, ಮೂತ್ರವನ್ನು ಯಾವಾಗ, ಹೇಗೆ ಸಂಗ್ರಹಿಸಲಾಯಿತು ಎಂಬುದನ್ನು ವಿಚಾರಿಸಿದ ಬಳಿಕವೇ ತೀರ್ಮಾನಕ್ಕೆ ಬರುವುದು ಯುಕ್ತ.