ಜೀವನ್ ಬಿಮಾ ನಗರದ ನೆರೆಹೊರೆಯಿಂದ ಹಡಗಿನ ಡೆಕ್ಕಿಗೆ

ಯುದ್ಧನೌಕೆಯನ್ನು ದಕ್ಕೆಯಿಂದ ಬಿಡಿಸಿ ಆಳದ ನೀರಿಗೆ ಮುಟ್ಟಿಸುವ ಟಗ್‌ಬೋಟಿನ ಹೆಸರು ಯುದ್ಧಚರಿತ್ರೆಗಳಲ್ಲಿ ಕಾಣುವುದು ಅಪರೂಪ. ನಡುಗಡಲಿನಲ್ಲಿ ಅಂಥದೇ ಸೇವೆ ಮಾಡುತ್ತ ಬಂದದ್ದು ಚೇತಕ್ ಹೆಲಿಕಾಪ್ಟರ್. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ, ಜೀವನ್ ಬಿಮಾ ನಗರದಿಂದ ಹಳೆ ವಿಮಾನ ನಿಲ್ದಾಣ ರಸ್ತೆ ದಾಟಿದರೆ ಸಿಗುವ ಎಚ್‌ಎಎಲ್‌ನಲ್ಲಿ ಅದು ತಯಾರಾಯಿತು.

ಮೂಲ ವಿನ್ಯಾಸ ಫ್ರಾನ್ಸಿನ ಅಲುವೆಟ್-3. 1960ರಲ್ಲಿ ಏಳು ಜನರನ್ನು ಹೊತ್ತು ಮಾಂಟ್ ಬ್ಲಾಂಕ್ ಶಿಖರದ ಮೇಲೆ ಇಳಿದು ಮತ್ತೆ ಹಾರಿದ ಯಂತ್ರ ಅದು. 1962ರಲ್ಲಿ ಪರವಾನಗಿ ಒಪ್ಪಂದವಾಯಿತು. 1965ರಲ್ಲಿ ಇಲ್ಲಿ ಜೋಡಿಸಿದ ಮೊದಲ ಹೆಲಿಕಾಪ್ಟರ್ ಹಾರಿತು. ಮುಂದೆ ಅದರ ಆರ್ಟೂಸ್ಟ್ ಎಂಜಿನ್ನೂ ಬೆಂಗಳೂರಿನಲ್ಲೇ ತಯಾರಾಗತೊಡಗಿತು. ಪರ್ವತದಲ್ಲಿ ಪರೀಕ್ಷೆ ಗೆದ್ದ ಯಂತ್ರವನ್ನು ಕಡಲೂ ಒಪ್ಪಿಕೊಂಡದ್ದು ನನಗೆ ಈ ಕಥೆಯ ಅತಿ ಸೊಗಸಾದ ತಿರುವು.

1969ರಲ್ಲಿ ಚೇತಕ್‌ಗಳಿಗಾಗಿ ನೌಕಾಪಡೆಯ 321ನೇ ಸ್ಕ್ವಾಡ್ರನ್ ಶುರುವಾಯಿತು. ವಿಮಾನವಾಹಕ ನೌಕೆಯಿಂದ ವಿಮಾನಗಳು ಏಳುವ ಮೊದಲು ಈ ಹೆಲಿಕಾಪ್ಟರ್ ಮೇಲೇರಬೇಕು, ಎಲ್ಲವೂ ಮರಳಿದ ಮೇಲಷ್ಟೇ ಇಳಿಯಬೇಕು. ನೌಕೆಯ ಪಕ್ಕದಲ್ಲೇ ಹಾರುತ್ತ ಕಾಯುವುದು, ಪೈಲಟ್ ನೀರಿಗೆ ಬಿದ್ದರೆ ವಿಂಚಿನ ಹಗ್ಗ ಇಳಿಬಿಟ್ಟು ಎತ್ತಿಕೊಳ್ಳುವುದು ಅದರ ಕೆಲಸ. 1971ರ ಯುದ್ಧದಲ್ಲಿ ವಿಮಾನವಾಹಕ ನೌಕೆ ವಿಕ್ರಾಂತ್‌ನ ಸೀ ಹಾಕ್ ಯುದ್ಧವಿಮಾನಗಳು ಚಿತ್ತಗಾಂಗಿನ ಮೇಲೆ ದಾಳಿ ಮಾಡಿದ ಸುದ್ದಿ ಎಲ್ಲರಿಗೂ ಗೊತ್ತು. ಆ ಪೈಲಟ್‌ಗಳಿಗೆ ಧೈರ್ಯವಾಗಿ ಈ ಪುಟ್ಟ ಹೆಲಿಕಾಪ್ಟರ್ ಕೂಡ ಅದೇ ನೌಕೆಯಲ್ಲಿತ್ತು.

1972ರಲ್ಲಿ ಸೇವೆಗೆ ಬಂದ ನೀಲಗಿರಿಯಂಥ ಫ್ರಿಗೇಟ್‌ಗಳ ಸಣ್ಣ ಡೆಕ್ಕಿನಲ್ಲೂ ಅದು ನೆಲೆಯೂರಿತು. ಮೂರು ರೆಕ್ಕೆಗಳನ್ನು ಹಿಂದಕ್ಕೆ ಮಡಚಿದರೆ ಇಕ್ಕಟ್ಟಾದ ಹ್ಯಾಂಗರಿನೊಳಗೆ ಸಲೀಸಾಗಿ ಸೇರುತ್ತಿತ್ತು. ಕಾಯಿಲೆಬಿದ್ದ ನಾವಿಕರನ್ನು ದಡಕ್ಕೆ ಒಯ್ಯುವುದು, ಬಿಡಿಭಾಗ ತರುವುದು, ಹಡಗಿಂದ ಹಡಗಿಗೆ ಜನರನ್ನು ದಾಟಿಸುವುದು ಎಲ್ಲಕ್ಕೂ ಅದೇ. ಸೀ ಹಾಕ್ ಹೋಯಿತು, ಅದೇ ನೌಕೆಯ ಆಲಿಝೆ ವಿಮಾನ ಹೋಯಿತು, 1997ರಲ್ಲಿ ವಿಕ್ರಾಂತ್ ಕೂಡ ನಿವೃತ್ತವಾಯಿತು. ಚೇತಕ್ ಉಳಿಯಿತು.

ಇಷ್ಟು ದೀರ್ಘ ಸೇವೆ ಹೆಮ್ಮೆಯದ್ದು, ಆದರೆ ಅದರಲ್ಲಿ ವಿಳಂಬದ ಪಾಲೂ ಇದೆ. ಎಚ್‌ಎಎಲ್‌ನದೇ ಧ್ರುವ್ ಹೆಲಿಕಾಪ್ಟರ್ 1992ರಲ್ಲಿ ಬೆಂಗಳೂರಿನ ಆಕಾಶ ಕಂಡಿತು. ದಡದ ನೆಲೆಗಳಿಂದ ನೌಕಾಪಡೆಗೆ ಚೆನ್ನಾಗಿಯೇ ದುಡಿದಿದೆ. ಸಣ್ಣ ಹಡಗಿನ ಹ್ಯಾಂಗರಿಗೆ ಮಾತ್ರ ಅದು ಒಗ್ಗಲಿಲ್ಲ. ರೆಕ್ಕೆ ಮಡಚಿದ ಮೇಲೆ ಅಗಲ 3.5 ಮೀಟರ್‌ನೊಳಗಿರಬೇಕೆಂದು ನೌಕಾಪಡೆ ಕೇಳಿದರೆ, ಧ್ರುವ್‌ನದು 5 ಮೀಟರ್ ದಾಟುತ್ತಿತ್ತು. ಚೇತಕ್‌ಗಳ ಬದಲಿಗೆ 111 ಹೊಸ ಹೆಲಿಕಾಪ್ಟರ್ ಕೊಳ್ಳುವುದಕ್ಕೆ ರಕ್ಷಣಾ ಸಚಿವಾಲಯ 2018ರ ಆಗಸ್ಟಿನಲ್ಲಿ ಸಮ್ಮತಿಸಿತು. ಐದು ವರ್ಷ ಕಳೆದು 2023ರ ನವೆಂಬರ್ 4ರಂದು ಕೊಚ್ಚಿಯ ನೌಕಾನೆಲೆಯಲ್ಲಿ ಚೇತಕ್ ಅಪಘಾತಕ್ಕೀಡಾಗಿ ಒಬ್ಬ ನಾವಿಕ ಪ್ರಾಣ ಕಳೆದುಕೊಂಡಾಗಲೂ ಅವುಗಳ ಜಾಗಕ್ಕೆ ಹೊಸವು ಬಂದಿರಲಿಲ್ಲ.