ಎಲ್ಲರಿಗೂ ಕಾಣುವ ಗೋಡೆ

ಹೊಸ ಉತ್ಪನ್ನ ರೂಪಿಸುವಾಗ ವಾದಕ್ಕಿಳಿಯುವ ತಂಡಕ್ಕಿಂತ ಸುಮ್ಮನೆ ತಲೆಯಾಡಿಸುವ ತಂಡವೇ ಹೆಚ್ಚು ಅಪಾಯಕಾರಿ. ಮೀಟಿಂಗಿನಲ್ಲಿ ಎಲ್ಲರೂ ‘ಸರಿ’ ಎನ್ನುತ್ತಾರೆ. ಹೊರಗೆ ಬಂದ ಮೇಲೆ ಡಿಸೈನಿನವರು ಒಂದು ಮಾಡುತ್ತಾರೆ, ಎಂಜಿನಿಯರುಗಳು ಇನ್ನೊಂದು; ಮಾರಾಟದವರು ಗ್ರಾಹಕರಿಗೆ ಮೂರನೆಯದನ್ನೇ ಒಪ್ಪಿಕೊಂಡಿರುತ್ತಾರೆ.

ಇದಕ್ಕೆ ಒಳ್ಳೆಯ ಮದ್ದು ಸಿಕ್ಕಿದ್ದು ಟೊಯೋಟಾದ ಪ್ರಿಯಸ್ ಕಾರು ರೂಪುಗೊಳ್ಳುವಾಗ. ಅದರ ಮುಖ್ಯ ಎಂಜಿನಿಯರ್ ತಕೇಶಿ ಉಚಿಯಾಮಾಡ ಶಬ್ದ ಮತ್ತು ಕಂಪನದ ವಿಷಯದಲ್ಲಿ ಪಳಗಿದವರು. ಇಡೀ ಕಾರಿನ ಹೊಣೆ ಹೊತ್ತದ್ದು ಅದೇ ಮೊದಲು. ಮುಖ್ಯ ಎಂಜಿನಿಯರ್ ಆದವರು ವಿಭಾಗದಿಂದ ವಿಭಾಗಕ್ಕೆ ಓಡಾಡಿ ತೀರ್ಮಾನ ಮಾಡಿಸುವುದು ಅಲ್ಲಿನ ವಾಡಿಕೆಯಾಗಿತ್ತು. ಉಚಿಯಾಮಾಡ ಹಾಗೆ ಮಾಡದೆ, ಬೇರೆ ಬೇರೆ ವಿಭಾಗಗಳ ತಜ್ಞರನ್ನೇ ಒಂದು ದೊಡ್ಡ ಕೋಣೆಗೆ ಕರೆತಂದರು. ‘ಓಬೆಯಾ’ ಎಂಬ ಹೆಸರಿನಲ್ಲಿ ಈಗ ಜಗತ್ತಿನ ಎಷ್ಟೋ ಕಂಪನಿಗಳು ಅನುಸರಿಸುವ ಪದ್ಧತಿ ಇದೇ.

ಓಬೆಯಾದಲ್ಲಿ ಕೆಲಸ ಮಾಡುವುದು ಗೋಡೆ. ಉತ್ಪನ್ನ ಯಾರಿಗೆ, ಗುರಿ ಏನು ಎಂಬುದನ್ನು ಅದರ ಮೇಲೆ ಮೊದಲಿಗೆ ಹಚ್ಚುತ್ತಾರೆ. ಆಮೇಲೆ ನಕ್ಷೆ, ಖರ್ಚು, ವೇಳಾಪಟ್ಟಿ. ಗುರಿ ಅಂಕಿಯಲ್ಲೇ ಇರಬೇಕು. ಪ್ರಿಯಸ್ ತಂಡಕ್ಕೆ ಕೊಟ್ಟ ಗುರಿ ಮೈಲೇಜನ್ನು ದುಪ್ಪಟ್ಟು ಮಾಡುವುದು; 1997ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಕಾರು ಜಪಾನಿನ ಪರೀಕ್ಷೆಯಲ್ಲಿ ಲೀಟರಿಗೆ 28 ಕಿಲೋಮೀಟರ್ ಕೊಟ್ಟಿತು. ‘ಅತ್ಯುತ್ತಮ ಕಾರು’ ಎಂದಷ್ಟೇ ಬರೆದಿದ್ದರೆ ಒಬ್ಬೊಬ್ಬರೂ ಒಂದೊಂದು ಅರ್ಥ ಮಾಡಿಕೊಳ್ಳುತ್ತಿದ್ದರು.

ನನ್ನ ಪ್ರಕಾರ ಗೋಡೆಯ ಅತಿ ಮುಖ್ಯ ಭಾಗ ಇನ್ನೂ ಬಗೆಹರಿಯದ ಪ್ರಶ್ನೆಗಳದ್ದು. ಪ್ರಿಯಸ್‌ನಂಥ ಹೈಬ್ರಿಡ್ ಕಾರನ್ನೇ ನೋಡಿ: ಬ್ಯಾಟರಿ ದೊಡ್ಡದಾದರೆ ಶಕ್ತಿ ಹೆಚ್ಚುತ್ತದೆ, ಆದರೆ ಡಿಕ್ಕಿಯ ಜಾಗ ಹೋಗುತ್ತದೆ, ತೂಕವೂ ಬೆಲೆಯೂ ಏರುತ್ತವೆ. ಬ್ಯಾಟರಿ, ಡಿಕ್ಕಿ, ಬೆಲೆ ನೋಡಿಕೊಳ್ಳುವ ಮೂವರ ಚಿಂತೆ ಮೂರು ಇಮೇಲುಗಳಲ್ಲಿ ಇದ್ದರೆ ಜಗಳ ಆರು ತಿಂಗಳ ನಂತರ ಶುರುವಾಗುತ್ತದೆ. ಒಂದೇ ನಕ್ಷೆಯ ಮುಂದೆ ಮೂವರೂ ನಿಂತರೆ ಅವತ್ತೇ ಆಗಿ ಮುಗಿಯುತ್ತದೆ. ಪ್ರತಿ ಪ್ರಶ್ನೆಯ ಪಕ್ಕ ಒಬ್ಬರ ಹೆಸರು, ಒಂದು ದಿನಾಂಕ ಇರಲೇಬೇಕು.

ಬೇರೆ ಬೇರೆ ಊರಿನಲ್ಲಿರುವ ಸಾಫ್ಟ್‌ವೇರ್ ತಂಡಕ್ಕೆ ಎಲ್ಲರೂ ತಿದ್ದಬಹುದಾದ ಆನ್‌ಲೈನ್ ದಾಖಲೆಯೇ ಗೋಡೆ. ಆದರೆ ದಾಖಲೆ ಇದ್ದರೆ ಸಾಲದು, ಎಲ್ಲರೂ ಓದಿರಬೇಕು. ಅಮೆಜಾನಿನಲ್ಲಿ ಮೀಟಿಂಗಿನ ಆರಂಭದಲ್ಲಿ ಎಲ್ಲರೂ ಮೌನವಾಗಿ ಟಿಪ್ಪಣಿ ಓದಿ ಆಮೇಲೆ ಮಾತಿಗಿಳಿಯುತ್ತಾರೆ. ಓದದೆ ಮಾತಾಡುವ ಚಾಳಿ ಇದರಿಂದ ತಪ್ಪುತ್ತದೆ. ಭಿನ್ನಾಭಿಪ್ರಾಯವನ್ನು ಬಿಚ್ಚಿ ಹೇಳಿ, ತೀರ್ಮಾನವಾದ ಮೇಲೆ ಪೂರ್ಣ ಮನಸ್ಸಿನಿಂದ ದುಡಿಯಬೇಕೆಂಬುದೂ ಅಲ್ಲಿನ ನಿಯಮ.

ನಿಮ್ಮ ತಂಡದಲ್ಲೂ ಒಮ್ಮೆ ಪರೀಕ್ಷಿಸಿ. ಈ ಉತ್ಪನ್ನ ಯಾರಿಗೆ, ಇದು ಏನನ್ನು ಮಾಡುವುದಿಲ್ಲ ಎಂದು ಪ್ರತಿಯೊಬ್ಬರೂ ಬೇರೆಬೇರೆಯಾಗಿ ಎರಡು ಸಾಲು ಬರೆಯಲಿ. ಉತ್ತರಗಳು ಹೊಂದದಿದ್ದರೆ ಅವು ಹೊಂದುವವರೆಗೆ ಮುಂದಿನ ಕೆಲಸ ನಿಲ್ಲಿಸಿ.