‘ಯಾವ ದೇಶ ನಿಮ್ದು?’

ನಾನು ದಾಂಡೇಲಿಯವಳು. ನಮ್ಮ ಬಿಇ ಗೆಳೆಯರ ಗುಂಪಿನಲ್ಲಿ ಜೋಯಿಡಾ, ಹಳಿಯಾಳ, ಮುಂಡಗೋಡದವರೂ ಇದ್ದಾರೆ. ಇಂಟರ್ನ್‌ಶಿಪ್, ಇಂಟರ್‌ವ್ಯೂ ಅಂತ ಬೆಂಗಳೂರಿಗೆ ಹೋದಾಗ ನನ್ನನ್ನು ಯಾರೂ ಕೇಳದ ಒಂದು ಪ್ರಶ್ನೆ ಇವರಲ್ಲಿ ಇಬ್ಬರಿಗೆ ಮಾತ್ರ ತಪ್ಪದೇ ಎದುರಾಗುತ್ತದೆ: ‘ಯಾವ ದೇಶ ನಿಮ್ದು?’

ಒಬ್ಬಳು ಹಳಿಯಾಳದ ಸಿದ್ದಿ ಗೆಳತಿ. ತಲೆಮಾರುಗಳಿಂದ ಇಲ್ಲಿನ ಕಾಡಂಚಿನಲ್ಲೇ ಬಾಳಿದ ಸಮುದಾಯ ಅವಳದು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೂ ಸೇರಿದರು. ‘ನಮ್ದು ಹಳಿಯಾಳ’ ಎಂದು ನಕ್ಕು ಮುಂದೆ ಹೋಗುತ್ತಾಳೆ. ಮುಂಡಗೋಡದ ಟಿಬೆಟನ್ ಗೆಳೆಯನಿಗೆ ಉತ್ತರ ಅಷ್ಟು ಸಲೀಸಲ್ಲ.

ಮುಂಡಗೋಡದ ಟಿಬೆಟನ್ ಕ್ಯಾಂಪ್ ಶುರುವಾಗಿದ್ದು 1966ರಲ್ಲಿ. ಅಲ್ಲಿನ ಹಿರಿಯರ ಬಳಿ ಇರುವುದು ನೋಂದಣಿ ಪ್ರಮಾಣಪತ್ರ, ಅಂದರೆ ‘ಆರ್‌ಸಿ’. ವಿದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ‘ಐಸಿ’ ಎಂಬ ಹಳದಿ ಪುಸ್ತಕ. ಕಾಗದದಲ್ಲಿ ಅವರು ವಿದೇಶಿಯರು. ಹಾಗಾದರೆ ಇಲ್ಲೇ ಹುಟ್ಟಿ, ನಮ್ಮ ಜೊತೆ ಕನ್ನಡದಲ್ಲೇ ಜಗಳ ಆಡುವ ನನ್ನ ಗೆಳೆಯ?

1955ರ ಪೌರತ್ವ ಕಾಯ್ದೆ ಮುಖ ನೋಡುವುದಿಲ್ಲ, ಹುಟ್ಟಿದ ತಾರೀಖು ನೋಡುತ್ತದೆ. 1950ರ ಜನವರಿ 26ರಿಂದ 1987ರ ಜೂನ್ 30ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ನಂತರ 2004ರ ಡಿಸೆಂಬರ್ 2ರವರೆಗೆ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಪೌರರಾಗಿದ್ದರೆ ಸಾಕು. ಅಲ್ಲಿಂದ ಈಚೆಗೆ ನಿಯಮ ಬಿಗಿ: ಇಬ್ಬರೂ ಪೌರರಾಗಿರಬೇಕು. ಒಬ್ಬರು ಮಾತ್ರ ಪೌರರಾಗಿದ್ದರೆ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಗೆಳೆಯ ಹುಟ್ಟಿದ್ದು 2005ರಲ್ಲಿ. ಅಪ್ಪ 1978ರಲ್ಲಿ ಮುಂಡಗೋಡದಲ್ಲಿ, ಅಮ್ಮ 1982ರಲ್ಲಿ ಬೈಲಕುಪ್ಪೆಯಲ್ಲಿ ಹುಟ್ಟಿದವರು. ಲೆಕ್ಕ ಹಾಕಿ ನೋಡಿ: ಕಾನೂನಿನ ಪ್ರಕಾರ ಮೂವರೂ ಭಾರತೀಯರೇ!

ಇದು ನಮ್ಮ ಹಾಸ್ಟೆಲ್ ಕಟ್ಟೆಯ ವಾದವಲ್ಲ. ಪಾಸ್‌ಪೋರ್ಟ್ ನಿರಾಕರಿಸಿದಾಗ ನಮ್‌ಗ್ಯಾಲ್ ಡೋಲ್ಕರ್ ಎಂಬ ಯುವತಿ ದೆಹಲಿ ಹೈಕೋರ್ಟಿಗೆ ಹೋದರು. 1986ರಲ್ಲಿ ಭಾರತದಲ್ಲಿ ಹುಟ್ಟಿದ ಅವರು ಹುಟ್ಟಿನಿಂದಲೇ ಪೌರರು ಎಂದು 2010ರಲ್ಲಿ ತೀರ್ಪು ಬಂತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಇಂಥದ್ದೇ ತೀರ್ಪು ಕೊಟ್ಟಿತು. ಹೀಗೆ ಅರ್ಹರಾದವರಿಗೆ ಪಾಸ್‌ಪೋರ್ಟ್ ಕೊಡಿ ಎಂದು 2016ರಲ್ಲಿ ದೆಹಲಿ ಹೈಕೋರ್ಟ್ ಮತ್ತೆ ಹೇಳಿತು.

ಆದರೆ 2017ರಲ್ಲಿ ಸರ್ಕಾರ ಪಾಸ್‌ಪೋರ್ಟಿಗೆ ಷರತ್ತುಗಳನ್ನು ಹಾಕಿತು. ಆರ್‌ಸಿ, ಐಸಿ ಒಪ್ಪಿಸಬೇಕು, ಟಿಬೆಟನ್ ಕ್ಯಾಂಪಿನಲ್ಲಿ ವಾಸ ಇರಬಾರದು, ಅಲ್ಲಿನ ಸೌಲಭ್ಯ ಪಡೆಯಬಾರದು. ‘ಪಾಸ್‌ಪೋರ್ಟ್ ಬೇಕಂದ್ರ ಅಜ್ಜನ್ನ ಬಿಟ್ಟು ಹೋಗ್ಬೇಕಾ?’ ಎಂದು ಗೆಳೆಯ ಕೇಳಿದಾಗ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಇಂಥ ಪ್ರಶ್ನೆಗೆ ಗೂಗಲ್ ಸಾಲದು, ವಕೀಲರೇ ಬೇಕು. ಫೀಸು ಎಲ್ಲಿಂದ ತರೋದು ಅಂತೀರಾ? ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಬಂದಿದ್ದು 1987ರಲ್ಲಿ. ಅದರ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರು, ನಿಗದಿತ ಆದಾಯ ಮಿತಿಯೊಳಗಿನವರು ಉಚಿತ ನೆರವು ಪಡೆಯಬಹುದು. ನನಗೆ ತುಂಬ ಹಿಡಿಸಿದ್ದು ಅದರ 12ನೇ ಕಲಮಿನ ಒಂದು ಪದ. ಅಲ್ಲಿ ‘ಪ್ರತಿ ಪೌರ’ ಅಂತಿಲ್ಲ, ‘ಪ್ರತಿ ವ್ಯಕ್ತಿ’ ಅಂತಿದೆ. ಅಂದರೆ ಆರ್‌ಸಿ ಹಿಡಿದ ಅಜ್ಜನಿಗೂ ಆ ಬಾಗಿಲು ಮುಚ್ಚಿಲ್ಲ. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಬಹುದು, 15100 ಸಹಾಯವಾಣಿಗೆ ಫೋನ್ ಮಾಡಬಹುದು.

ಹೋಗುವ ಮುನ್ನ ನಿಮ್ಮ ಮತ್ತು ಅಪ್ಪ–ಅಮ್ಮನ ಜನನ ಪ್ರಮಾಣಪತ್ರ, ಶಾಲಾ ದಾಖಲೆ ಒಂದೇ ಫೈಲಿಗೆ ಸೇರಿಸಿ. ಏಜೆಂಟರ ಮಾತು ನಂಬಿ ಸುಳ್ಳು ವಿಳಾಸ ಕೊಡಬೇಡಿ. ವಕೀಲರನ್ನು ಕೇಳದೆ ಆರ್‌ಸಿ ಒಪ್ಪಿಸಬೇಡಿ.

ಇಂಟರ್‌ವ್ಯೂ ಮುಗಿಸಿ ಪಕ್ಕದಲ್ಲಿ ಕೂತವರನ್ನು ಮಾತಾಡಿಸುವ ನಮ್ಮಂಥವರಿಗೂ ಒಂದು ಮಾತು: ‘ಯಾವ ದೇಶ’ ಅನ್ನುವ ಬದಲು ‘ಯಾವ ಊರು’ ಅಂತ ಕೇಳೋಣ. ಮುಂಡಗೋಡ ಅಂತ ಉತ್ತರ ಬಂದೀತು!